ಮಕ್ಕಳ ಫುಟ್‌ಬಾಲ್‌ನಲ್ಲಿ ವಿಸಿಲ್ ಹಿಡಿಯುವವರಿಗೆ: ಎಲ್ಲಿ ಬಿಗಿ, ಎಲ್ಲಿ ಸಡಿಲ?

ಬೇಸಿಗೆ ರಜೆಯ ಟೂರ್ನಮೆಂಟುಗಳು ಮುಗಿಯುತ್ತಿದ್ದಂತೆ ಹೊಸ ರೆಫ್ರಿಗಳಿಂದ ನನಗೆ ಫೋನು ಶುರುವಾಗುತ್ತದೆ. ಅವರ ಗೋಳು ಎರಡೇ ಬಗೆ. ಒಂದು: "ಸರ್, ಎಲ್ಲಾ ನಿಯಮದ ಪ್ರಕಾರವೇ ಕೊಟ್ಟೆ, ಆದ್ರೂ ಅಪ್ಪಂದಿರು ಗ್ರೌಂಡ್ ಒಳಗೇ ನುಗ್ಗಿಬಿಟ್ರು." ಇನ್ನೊಂದು: "ಸರ್, ಮಕ್ಕಳಲ್ವಾ ಅಂತ ಬಿಟ್ಟುಕೊಟ್ಟೆ, ಸೆಕೆಂಡ್ ಹಾಫ್‌ನಲ್ಲಿ ಮ್ಯಾಚೇ ಕೈತಪ್ಪಿ ಹೋಯ್ತು." ಮೊದಲನೆಯವರು ಎಂಟು ವರ್ಷದ ಮಕ್ಕಳ ಆಟದಲ್ಲಿ ಎರಡು ನಿಮಿಷಕ್ಕೊಂದು ಫೌಲ್ ಥ್ರೋ (ಗೆರೆಯಾಚೆಯಿಂದ ಚೆಂಡನ್ನು ತಪ್ಪಾಗಿ ಎಸೆದದ್ದು) ಊದಿರುತ್ತಾರೆ. ಎರಡನೆಯವರು ಹದಿಮೂರರ ಹುಡುಗ ಹಿಂದಿನಿಂದ ಬಂದು ಕಾಲಿಗೆ ಒದ್ದಾಗ "ಪಾಪ, ಬೇಕಂತ ಮಾಡಿಲ್ಲ" ಅಂದಿರುತ್ತಾರೆ. ಇಬ್ಬರೂ ಎಡವಿದ ಕಲ್ಲು ಒಂದೇ. ಯಾವ ನಿಯಮ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂಬುದನ್ನು ಆಟದ ನಡುವೆ, ಓಡುತ್ತಾ, ಕೂಗಾಟ ಕೇಳುತ್ತಾ ತೀರ್ಮಾನಿಸಲು ಹೋಗಿರುತ್ತಾರೆ.

ಈ ಕ್ರಮವನ್ನು ಬರೆದಿರುವುದು ಬೆಂಗಳೂರಿನ ಮಣ್ಣಿನ ಗ್ರೌಂಡುಗಳಲ್ಲಿ ನಡೆಯುವಂಥ ಪಂದ್ಯಗಳನ್ನು ಕಣ್ಣಮುಂದಿಟ್ಟುಕೊಂಡು: 6ರಿಂದ 14 ವರ್ಷದ ಮಕ್ಕಳು, ಒಬ್ಬನೇ ರೆಫ್ರಿ, ಲೈನ್ಸ್‌ಮನ್ ಇಲ್ಲ, ಅರ್ಧ ಅಳಿಸಿಹೋದ ಸುಣ್ಣದ ಗೆರೆ. ಹಂತಗಳನ್ನು ಹಿಂದುಮುಂದು ಮಾಡಬೇಡಿ. ನಾಲ್ಕನೆಯದನ್ನು ಬಿಟ್ಟವರಿಗೆ ಏಳನೆಯದು ಕೈಕೊಡುತ್ತದೆ.

## ಹಂತ 1: ಹಿಂದಿನ ರಾತ್ರಿ ನಿಯಮಗಳನ್ನು ಮೂರು ಗುಂಪು ಮಾಡಿ

ಫುಟ್‌ಬಾಲ್‌ಗೆ ಇರುವುದು 17 ನಿಯಮ. ಒಂದು ಹಾಳೆ ತೆಗೆದುಕೊಂಡು ಮೂರು ಕಾಲಂ ಎಳೆಯಿರಿ.

ಮೊದಲನೇ ಕಾಲಂ, ಯಾರೂ ಬಗ್ಗಿಸದಿರುವುದು. ಗೋಲ್‌ಪೋಸ್ಟ್ ಭದ್ರವಾಗಿರುವುದು, ಶಿನ್‌ಗಾರ್ಡ್ (ಮೊಣಕಾಲ ಕೆಳಗೆ ಹಾಕುವ ರಕ್ಷಣೆಯ ಪಟ್ಟಿ), ಒಡವೆ, ತಲೆಗೆ ಪೆಟ್ಟು, ರಕ್ತ, ಮೈಮೇಲೆ ಕೈಮಾಡುವುದು, ಉಗಿಯುವುದು, ಅವಮಾನಿಸುವ ಮಾತು. ಇವಕ್ಕೆ ಆರು ವರ್ಷಕ್ಕೂ ಹದಿನಾಲ್ಕಕ್ಕೂ ಒಂದೇ ಅಳತೆ.

ಎರಡನೇ ಕಾಲಂ, ಸಂಘಟಕರು ಬದಲಿಸಬಹುದಾದದ್ದು. ನಿಯಮ ಬರೆಯುವ ಐಎಫ್‌ಎಬಿ ಸಂಸ್ಥೆಯೇ ಮಕ್ಕಳ ಮತ್ತು ತಳಮಟ್ಟದ ಆಟಕ್ಕೆ ಕೆಲವು ಬದಲಾವಣೆಗಳಿಗೆ ಅವಕಾಶ ಕೊಟ್ಟಿದೆ: ಮೈದಾನದ ಅಳತೆ, ಚೆಂಡಿನ ಗಾತ್ರ ಮತ್ತು ತೂಕ, ಗೋಲಿನ ಅಗಲ ಎತ್ತರ, ಆಟದ ಅವಧಿ, ಹೊರಗೆ ಹೋದ ಮಗು ಮತ್ತೆ ಒಳಗೆ ಬರುವ ಸಬ್ (ಬದಲಿ ಆಟಗಾರ), ಹಳದಿ ಕಾರ್ಡ್ ಬಿದ್ದವರನ್ನು ಕೆಲವು ನಿಮಿಷ ಹೊರಗೆ ಕೂರಿಸುವ ಪದ್ಧತಿ. ಗಮನಿಸಿ, ಇವನ್ನು ಬದಲಿಸುವವರು ಸಂಘಟಕರು, ನೀವಲ್ಲ. ಹೊಸಬರ ಅತಿ ದೊಡ್ಡ ತಪ್ಪು ಇಲ್ಲೇ ಆಗುವುದು. ಮಕ್ಕಳಿಗೆ ಸುಸ್ತಾಗಿದೆ ಅನಿಸಿ ಎರಡನೇ ಹಾಫ್ ಅನ್ನು ಐದು ನಿಮಿಷ ಮೊದಲೇ ಮುಗಿಸುತ್ತಾರೆ. ಅವಧಿ ಕಡಿಮೆ ಮಾಡಬೇಕಾದರೆ ಅದು ಆಟ ಶುರುವಾಗುವ ಮೊದಲೇ ಒಪ್ಪಿತವಾಗಿರಬೇಕು, ಟೂರ್ನಮೆಂಟಿನ ನಿಯಮಕ್ಕೂ ಹೊಂದಬೇಕು.

ಮೂರನೇ ಕಾಲಂ ನಿಮ್ಮದು. ಫೌಲ್ ಬರೀ ಎಚ್ಚರಗೇಡಿತನವೋ, ಎದುರಿನವನಿಗೆ ಏನಾದರೇನು ಎನ್ನುವ ಬೇಫಿಕರ್ ಆಟವೋ, ಮಿತಿಮೀರಿದ ಬಲಪ್ರಯೋಗವೋ? ಕೈ ಚೆಂಡಿಗೆ ಹೋಯಿತೋ, ಚೆಂಡೇ ಕೈಗೆ ಬಂತೋ? ಅಡ್ವಾಂಟೇಜ್ (ಫೌಲ್ ಆದ ತಂಡಕ್ಕೇ ಅನುಕೂಲವಿದ್ದರೆ ಊದದೆ ಆಟ ಮುಂದುವರಿಸುವುದು) ಬಿಡಬೇಕೋ ಬೇಡವೋ? ಐದನೇ ನಿಯಮ ರೆಫ್ರಿಗೆ ಆಟದ ಆಶಯವನ್ನು ಮನಸ್ಸಿನಲ್ಲಿಟ್ಟುಕೊಂಡು ತೀರ್ಪು ಕೊಡಲು ಹೇಳುತ್ತದೆ. ಆ ಮಾತು ಅನ್ವಯವಾಗುವುದು ಈ ಮೂರನೇ ಕಾಲಂಗೆ. ಮೊದಲನೆಯದಕ್ಕೆ ಅದನ್ನು ಎಳೆದುತಂದರೆ ನೀವು ದಯೆ ತೋರಿಸುತ್ತಿಲ್ಲ, ಕೆಲಸ ತಪ್ಪಿಸಿಕೊಳ್ಳುತ್ತಿದ್ದೀರಿ.

ಸಂಘಟಕರ ನಿಯಮದ ಹಾಳೆ ಇಲ್ಲದಿದ್ದರೆ (ನಮ್ಮ ಕಡೆ ಬಹುತೇಕ ಒಂದು ವಾಟ್ಸ್‌ಆ್ಯಪ್ ಮೆಸೇಜ್ ಅಷ್ಟೇ ಇರುತ್ತದೆ) ರಾತ್ರಿಯೇ ಫೋನ್ ಮಾಡಿ ಈ ಐದನ್ನು ಕೇಳಿ: ಹಾಫ್ ಎಷ್ಟು ನಿಮಿಷ, ಚೆಂಡು ಯಾವ ಸೈಜು, ಸಬ್ ಹೇಗೆ, ಫೌಲ್ ಥ್ರೋಗೆ ಎರಡನೇ ಅವಕಾಶ ಉಂಟೋ, ಬರೀ ಕಾರ್ಡೋ ಹೊರಗೂ ಕೂರಿಸುವುದೋ. ಉತ್ತರವನ್ನು ಮೆಸೇಜಿನಲ್ಲೇ ಹಾಕಿಸಿಕೊಳ್ಳಿ.

## ಹಂತ 2: ಚೀಲ ತುಂಬಿ

ಎರಡು ವಿಸಿಲ್, ಅದರಲ್ಲಿ ಒಂದಾದರೂ ಫಾಕ್ಸ್ 40 ಥರದ ಗೋಲಿ ಇಲ್ಲದ್ದು. ಒಳಗೆ ಗೋಲಿ ಇರುವ ವಿಸಿಲ್ ಮಳೆಗೆ ನೆನೆದರೆ ಕೈಕೊಡಬಹುದು. ಎರಡು ವಾಚು. ಕಾರ್ಡ್, ಸಣ್ಣ ನೋಟ್‌ಬುಕ್, ಪೆನ್ನಲ್ಲ, ಪೆನ್ಸಿಲ್. ನಾಣ್ಯ. ಚೆಂಡಿಗೆ ಗಾಳಿ ತುಂಬುವ ಪಂಪು ಮತ್ತು ಸೂಜಿ.

ಇವು ಎಲ್ಲರ ಬಳಿಯೂ ಇರುತ್ತವೆ. ನಾನು ಇನ್ನೂ ನಾಲ್ಕು ಸೇರಿಸುತ್ತೇನೆ: ಬೇರೆ ಬೇರೆ ಸೈಜಿನ ಮೂರು ಜೋಡಿ ಶಿನ್‌ಗಾರ್ಡ್, ಎರಡು ಜೋಡಿ ಉದ್ದ ಸಾಕ್ಸ್, ಒಡವೆ ತೆಗೆದಿಡಲು ಜಿಪ್ ಇರುವ ಪುಟ್ಟ ಪ್ಲಾಸ್ಟಿಕ್ ಕವರುಗಳು, ಪೋಸ್ಟಿನ ಮೇಲೆ ಬಲೆ ಕಟ್ಟಲು ದಾರ. ಈ ನಾಲ್ಕು ಯಾಕೆಂದು ಮುಂದಿನ ಹಂತದಲ್ಲಿ ಗೊತ್ತಾಗುತ್ತದೆ. ನಿಯಮ ಬಿಗಿಯಾಗಿರಬೇಕು, ಮಗುವೂ ಆಡಬೇಕು ಎಂದರೆ ನಡುವೆ ಏನೋ ಒಂದು ಬೇಕಲ್ಲ, ಅದು ಈ ಚೀಲ.

## ಹಂತ 3: ಅರ್ಧ ಗಂಟೆ ಮೊದಲು, ಗೋಲ್‌ಪೋಸ್ಟಿನಿಂದ ಶುರು

ಮೊದಲು ಮಕ್ಕಳ ಹತ್ತಿರ ಹೋಗಬೇಡಿ, ಗೋಲ್‌ಪೋಸ್ಟಿನ ಹತ್ತಿರ ಹೋಗಿ. ಎರಡೂ ಕೈಯಲ್ಲಿ ಕಂಬ ಹಿಡಿದು ಮುಂದಕ್ಕೆ ಎಳೆಯಿರಿ. ಎತ್ತಿ ಒಯ್ಯುವ ಕಬ್ಬಿಣದ ಗೋಲ್ ಮಗುಚಿ ಬಿದ್ದು ಮಕ್ಕಳು ಸತ್ತ ಪ್ರಕರಣಗಳು ಹಲವು ದೇಶಗಳಲ್ಲಿ ಆಗಿವೆ. ನೆಲಕ್ಕೆ ಬಿಗಿಯದ ಗೋಲ್ ಇಟ್ಟು ಆಡಿಸುವಂತಿಲ್ಲ ಎಂದು ಒಂದನೇ ನಿಯಮವೇ ಹೇಳುತ್ತದೆ. ಅಲುಗಾಡಿದರೆ ಹಿಂದಿನ ಅಡ್ಡಪಟ್ಟಿಯ ಮೇಲೆ ಮರಳು ಮೂಟೆ ಹಾಕಿಸಿ. ಮೂಟೆ ಇಲ್ಲವೆಂದರೆ ಆ ಗೋಲ್ ಎತ್ತಿಸಿ ಕೋನ್ ಇಟ್ಟು ಸ್ನೇಹಪಂದ್ಯ ಆಡಿಸಲು ಹೇಳಿ. "ಮುಖ್ಯ ಅತಿಥಿ ಬಂದುಬಿಟ್ಟಿದ್ದಾರೆ ಸರ್" ಎಂಬ ಮಾತು ಖಂಡಿತ ಬರುತ್ತದೆ. ಮೂಟೆ ಬರುವವರೆಗೆ ಮುಖ್ಯ ಅತಿಥಿಗಳು ಕಾಫಿ ಕುಡಿಯಲಿ.

ಆಮೇಲೆ ಗಾಜು, ಕಲ್ಲು, ನಾಯಿ ತೋಡಿದ ಗುಂಡಿ. ಆಮೇಲೆ ಮಕ್ಕಳು.

ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಕೋಚ್ ಪಕ್ಕದಲ್ಲಿರಲಿ. ಕಾಲು ಮುಟ್ಟಿ ನೋಡಬೇಡಿ. "ಎಲ್ರೂ ಮೊಣಕಾಲ ಕೆಳಗೆ ತಟ್ಟಿ ತೋರ್ಸಿ" ಅಂದರೆ ಸಾಕು. ಒಂದು ಭಾನುವಾರ ಹೀಗೇ ಹನ್ನೆರಡರೊಳಗಿನವರ ಸಾಲಿನಲ್ಲಿ ಟಕ್ ಟಕ್ ಎಂದು ಪ್ಲಾಸ್ಟಿಕ್ ಸದ್ದು ಬರುತ್ತಿತ್ತು, ಕೊನೆಯಿಂದ ಮೂರನೆಯವನ ಕಾಲಿನಿಂದ ಮಾತ್ರ ಡಬ್ ಎಂದಿತು. ಸಾಕ್ಸ್ ಇಳಿಸಿದ. ಬಿಸ್ಕತ್ ಡಬ್ಬದ ರಟ್ಟು. ಕಾಲಿನ ಅಳತೆಗೆ ಕತ್ತರಿಸಿ, ಎರಡು ಪದರ ಮಾಡಿ, ಸುತ್ತ ಸೆಲ್ಲೋಟೇಪ್ ಹಾಕಿದ್ದ. ಚುಚ್ಚಬಾರದೆಂದು ನಾಲ್ಕೂ ಮೂಲೆ ದುಂಡಗೆ ಮಾಡಿದ್ದ. ಅಂಥ ನೀಟಾದ ಕೆಲಸ ನೋಡಿ ಯಾರಿಗಾದರೂ "ಹೋಗು ಮರಿ, ಆಡು" ಅನ್ನಬೇಕು ಅನಿಸುತ್ತದೆ.

ಅನ್ನಬೇಡಿ. ಶಿನ್‌ಗಾರ್ಡ್ ತಕ್ಕ ವಸ್ತುವಿನಿಂದ ಮಾಡಿದ್ದಿರಬೇಕು, ಒಂದು ಮಟ್ಟಕ್ಕಾದರೂ ರಕ್ಷಣೆ ಕೊಡಬೇಕು, ಸಾಕ್ಸ್ ಒಳಗಿರಬೇಕು ಎಂದಿದೆ ನಾಲ್ಕನೇ ನಿಯಮ. ಬೆವರಿಗೆ ರಟ್ಟು ಹತ್ತು ನಿಮಿಷದಲ್ಲಿ ಮೆತ್ತಗಾಗುತ್ತದೆ. ಹಾಗೆಂದು ಸಾಲಿನಿಂದ ಹೊರಗೆ ಕರೆದು ಎಲ್ಲರ ಮುಂದೆ "ನಿಂದು ನಡಿಯಲ್ಲ" ಎನ್ನುವುದೂ ಬೇಡ. ಸಾಲು ಮುಗಿಸಿ, ಕೋಚನ್ನು ಪಕ್ಕಕ್ಕೆ ಕರೆದು, ಚೀಲದಿಂದ ಜೋಡಿ ತೆಗೆದು ಕೊಡಿ. ಕೋಚ್ ಅದನ್ನು ತಂಡದ್ದೆಂಬಂತೆ ಹುಡುಗನಿಗೆ ಕೊಡಲಿ. ಇನ್ನೂರರ ಆಸುಪಾಸಿನ ಸಾಮಾನು, ವರ್ಷಗಟ್ಟಲೆ ಬರುತ್ತದೆ.

ಶೂ ಇಲ್ಲದ ಮಗುವಿನದ್ದೂ ಇದೇ ಪ್ರಶ್ನೆ. ಕಾಲಿಗೆ ಶೂ ಕಡ್ಡಾಯ. ಹಿರಿಯರೊಬ್ಬರು ಯಾವಾಗಲೂ ನನಗೆ, "1948ರ ಲಂಡನ್ ಒಲಿಂಪಿಕ್ಸಿನಲ್ಲಿ ನಮ್ಮವರು ಬರಿಗಾಲಲ್ಲೇ ಆಡ್ಲಿಲ್ವಾ?" ಅಂತ ಕೇಳುತ್ತಾರೆ. ಆಡಿದರು ನಿಜ. ಆದರೆ ಎದುರಿಗೆ ಸ್ಟಡ್ (ಅಡಿಯಲ್ಲಿ ಗುಬುಟು ಇರುವ ಶೂ) ಹಾಕಿದ ಹನ್ನೆರಡರ ಪೋರ ಇರುವ ಮಣ್ಣಿನ ಗ್ರೌಂಡಿನಲ್ಲಿ ನಾನು ಬರಿಗಾಲಲ್ಲಿ ಯಾರನ್ನೂ ಇಳಿಸುವುದಿಲ್ಲ. ಸ್ಟಡ್ ಬೇಕಿಲ್ಲ, ಶಾಲೆಯ ಕ್ಯಾನ್ವಾಸ್ ಶೂ ಆದರೂ ಸಾಕು. ಸೈಜು ಹೊಂದುವ ಸಬ್ ಹುಡುಗನಿಂದ ಅದಲುಬದಲು ಮಾಡಿಸಿ.

ಒಡವೆ: ಓಲೆ, ಬಳೆ, ಗೆಜ್ಜೆ, ಕಡಗ, ಸರ, ರಬ್ಬರ್ ಬ್ಯಾಂಡ್, ಎಲ್ಲವೂ ಹೊರಗೆ. ಮೇಲೆ ಟೇಪ್ ಸುತ್ತಿದರೂ ಆಗದು. ಹೊಸದಾಗಿ ಕಿವಿ ಚುಚ್ಚಿಸಿಕೊಂಡ ಹುಡುಗಿಗೆ ಇದು ಬಹಳ ಬೇಜಾರಿನ ವಿಷಯ, ಗ್ರೌಂಡಿನಲ್ಲಿ ಅದಕ್ಕೆ ಪರಿಹಾರವೂ ಇಲ್ಲ. ಇಲ್ಲಿ ಕರುಣೆ ತೋರಿಸಬೇಕಾದದ್ದು ಒಂದು ವಾರ ಮೊದಲು, "ಈ ತಿಂಗಳು ಕಿವಿ ಚುಚ್ಚಿಸಬೇಡಿ" ಎಂದು ಸಂಘಟಕರ ಮೂಲಕ ಗುಂಪಿಗೆ ಹಾಕಿಸುವುದರಲ್ಲಿ. ದೇವಸ್ಥಾನದಲ್ಲಿ ಕಟ್ಟಿದ ನೂಲಿನ ದಾರ ಚರ್ಮಕ್ಕೆ ಅಂಟಿಕೊಂಡಿದ್ದರೆ ನಾನು ಸುಮ್ಮನಿರುತ್ತೇನೆ, ಅದರಲ್ಲಿ ಲೋಹದ ತಾಯಿತ ಇದ್ದರೆ ಬಿಚ್ಚಿಸಿ ಕವರಿಗೆ ಹಾಕಿ ಹೆಸರು ಬರೆದು ತಾಯಿಯ ಕೈಗೆ ಕೊಡುತ್ತೇನೆ. ಹಿಜಾಬ್ ಅಥವಾ ಪಟ್ಕಾಗೆ (ಸಿಖ್ ಹುಡುಗರ ತಲೆಬಟ್ಟೆ) ಅಡ್ಡಿಯಿಲ್ಲ. ಕಪ್ಪು ಅಥವಾ ಜೆರ್ಸಿಯ ಮುಖ್ಯ ಬಣ್ಣದ್ದಿರಬೇಕು, ಜೆರ್ಸಿಗೆ ಹೊಲಿದಿರಬಾರದು, ಪಿನ್ನಿನಂಥ ಅಪಾಯದ ವಸ್ತು ಇರಬಾರದು. ಇದನ್ನು ಗೊತ್ತಿಲ್ಲದೆ ಹುಡುಗಿಯನ್ನು ಹೊರಗಿಟ್ಟ ರೆಫ್ರಿಯನ್ನು ನೋಡಿದ್ದೇನೆ. ಅದು ಬಿಗಿತನವಲ್ಲ, ಓದದೇ ಇದ್ದದ್ದು.

## ಹಂತ 4: ಮೂರು ಕಡೆ ಮಾತು, ಒಟ್ಟು ಐದು ನಿಮಿಷ

ಮೊದಲು ಇಬ್ಬರೂ ಕೋಚ್‌ಗಳನ್ನು ಒಟ್ಟಿಗೇ ನಿಲ್ಲಿಸಿ. ಒಬ್ಬೊಬ್ಬರ ಹತ್ತಿರ ಬೇರೆ ಬೇರೆ ಮಾತಾಡಿದರೆ "ಅವ್ರಿಗೆ ಏನೋ ಹೇಳಿದ್ರು" ಎಂಬ ಗುಮಾನಿ ಹುಟ್ಟುತ್ತದೆ. ಹೇಳಬೇಕಾದ್ದು ಇಷ್ಟು: "ಸರ್, ಮೇಡಂ, ಫೌಲ್ ಥ್ರೋಗೆ ಒಂದು ಸಲ ತೋರಿಸಿಕೊಟ್ಟು ಮತ್ತೆ ಹಾಕಿಸ್ತೀನಿ, ಎರಡನೇ ಸಲ ಎದುರಿನವರಿಗೆ. ತಲೆಗೆ ಪೆಟ್ಟಾದ್ರೆ ಮಗು ಹೊರಗೆ, ವಾದ ಬೇಡ. ಗೋಲ್‌ಕಿಕ್ ಪೆನಾಲ್ಟಿ ಏರಿಯಾ ದಾಟಲೇಬೇಕು ಅಂತೇನಿಲ್ಲ." ಈ ಕೊನೆಯದನ್ನು ಯಾಕೆ ಹೇಳಬೇಕೆಂದರೆ, ಆ ನಿಯಮ 2019ರಲ್ಲೇ ಬದಲಾಗಿದ್ದರೂ ನಮ್ಮ ಗ್ರೌಂಡುಗಳಲ್ಲಿ ಇವತ್ತಿಗೂ ಹಳೇ ನಿಯಮವನ್ನೇ ಕೂಗುವವರಿದ್ದಾರೆ.

ಆಮೇಲೆ ಇಬ್ಬರು ಕ್ಯಾಪ್ಟನ್‌ಗಳು. ನೀವು ಬಗ್ಗಿ, ಅವರ ಕಣ್ಣಿನ ಮಟ್ಟಕ್ಕೆ ಬನ್ನಿ. "ಏನಾದ್ರೂ ಕೇಳ್ಬೇಕು ಅಂದ್ರೆ ನೀನು ಬಂದು ಕೇಳು, ಉತ್ತರ ಕೊಡ್ತೀನಿ. ಬೇರೆ ಯಾರೂ ಬರೋ ಹಾಗಿಲ್ಲ." ಕ್ಯಾಪ್ಟನ್ ಮಾತ್ರ ರೆಫ್ರಿ ಹತ್ತಿರ ಬರುವ ಈ ಪದ್ಧತಿಗೆ ಐಎಫ್‌ಎಬಿ 2024ರಿಂದ ಮಾರ್ಗಸೂಚಿಯನ್ನೇ ಕೊಟ್ಟಿದೆ. ಮಕ್ಕಳ ಆಟದಲ್ಲಿ ಇದು ದೊಡ್ಡವರ ಆಟಕ್ಕಿಂತ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಹತ್ತು ವರ್ಷದ ಕ್ಯಾಪ್ಟನ್‌ಗೆ ಅದೊಂದು ಹುದ್ದೆ.

ಕೊನೆಗೆ ಅಪ್ಪ ಅಮ್ಮಂದಿರು. ಗೆರೆಯಿಂದ ಎರಡು ಮೀಟರ್ ಹಿಂದೆ ಹಗ್ಗವೋ ಕೋನೋ ಹಾಕಿಸಿ, ಗೋಲಿನ ಹಿಂದೆ ಯಾರೂ ನಿಲ್ಲದಂತೆ ನೋಡಿಕೊಳ್ಳಿ. ಭಾಷಣ ಬೇಡ. "ಚಪ್ಪಾಳೆ ಎಷ್ಟು ಬೇಕಾದ್ರೂ ಹೊಡೀರಿ, ಎಲ್ಲಿಗೆ ಪಾಸ್ ಕೊಡ್ಬೇಕು ಅಂತ ಮಾತ್ರ ಕೋಚ್ ಹೇಳ್ಲಿ" ಅಂದು ನಕ್ಕು ಬನ್ನಿ.

## ಹಂತ 5: ಮೊದಲ ಹತ್ತು ನಿಮಿಷ ಹತ್ತಿರದಲ್ಲೇ ಇರಿ

ಒಬ್ಬನೇ ರೆಫ್ರಿ ಎಂದರೆ ಓಡಬೇಕು. ನಡುಗೆರೆಯ ಮೇಲೆ ನಿಂತು ಮೂವತ್ತು ಮೀಟರ್ ದೂರದಿಂದ ಊದಿದ ಸರಿಯಾದ ತೀರ್ಪಿಗಿಂತ, ಐದು ಮೀಟರ್ ಹತ್ತಿರದಿಂದ ಊದಿದ ಅನುಮಾನದ ತೀರ್ಪನ್ನು ಜನ ಒಪ್ಪುತ್ತಾರೆ. ಅನ್ಯಾಯ ಅನಿಸಬಹುದು, ನನ್ನ ಅನುಭವ ಮಾತ್ರ ಹಾಗೇ ಇದೆ.

ಎಂಟರೊಳಗಿನವರಲ್ಲಿ ಊದುವುದಕ್ಕಿಂತ ಬಾಯಲ್ಲಿ ಹೇಳುವುದು ಹೆಚ್ಚಿರಲಿ. "ಎರಡೂ ಕೈ, ತಲೆ ಹಿಂದಿಂದ, ಕಾಲು ನೆಲದ ಮೇಲೆ" ಎಂದು ಥ್ರೋ ಮೊದಲೇ ಹೇಳಿದರೆ ಅರ್ಧ ತಪ್ಪು ಆಗುವುದೇ ಇಲ್ಲ. ಹನ್ನೆರಡರ ಮೇಲಿನವರಿಗೆ ಹೀಗೆ ಹೇಳಿಕೊಡುತ್ತಾ ಹೋದರೆ ಎದುರಿನ ಕೋಚ್‌ಗೆ ನೀವು ಆ ತಂಡದ ಕೋಚ್‌ನಂತೆ ಕಾಣುತ್ತೀರಿ, ಆ ವಯಸ್ಸಿಗೆ ಬೇಡ.

ಹ್ಯಾಂಡ್‌ಬಾಲ್‌ನಲ್ಲಿ ಹೊಸಬರು ಕೈಗೆ ಚೆಂಡು ತಾಗಿದ ಪ್ರತಿ ಸಲ ಊದುತ್ತಾರೆ. ನಿಯಮ ಮುಖ್ಯವಾಗಿ ಕೇಳುವುದು ಎರಡು: ಬೇಕೆಂದೇ ತಾಗಿಸಿದ್ದಾ, ಇಲ್ಲವೇ ಕೈಯನ್ನು ಅಸಹಜವಾಗಿ ಚಾಚಿ ಮೈಯನ್ನು ದೊಡ್ಡದು ಮಾಡಿಕೊಂಡಿದ್ದಾ. ಎರಡು ಮೀಟರ್ ದೂರದಿಂದ ಮುಖಕ್ಕೇ ಬಂದ ಚೆಂಡಿಗೆ ಏಳು ವರ್ಷದವಳು ಕಣ್ಣು ಮುಚ್ಚಿ ಕೈ ಅಡ್ಡ ಹಿಡಿದರೆ ನನ್ನ ಕಣ್ಣಿಗೆ ಅದು ಹೆದರಿಕೆ. ಹದಿಮೂರರ ಡಿಫೆಂಡರ್ ಗೋಲ್ ಮುಂದೆ ಅದನ್ನೇ ಮಾಡಿದರೆ ನಾನು ಅಷ್ಟು ಸುಲಭಕ್ಕೆ ನಂಬುವುದಿಲ್ಲ.

ಗೋಲ್‌ಕೀಪರ್ ಕೈಯಲ್ಲಿ ಚೆಂಡು ಎಂಟು ಸೆಕೆಂಡಿಗಿಂತ ಹೆಚ್ಚಿದ್ದರೆ 2025ರಿಂದ ಎದುರಿನವರಿಗೆ ಕಾರ್ನರ್. ಕೊನೆಯ ಐದು ಸೆಕೆಂಡನ್ನು ಕೈ ಎತ್ತಿ ಬೆರಳಲ್ಲಿ ಎಣಿಸಿ ತೋರಿಸಬೇಕು. ಸಂಘಟಕರು ಈ ನಿಯಮ ಹಾಕಿದ್ದರೆ ಸಣ್ಣ ಮಕ್ಕಳಿಗೆ ಬಾಯಲ್ಲೂ ಎಣಿಸಿ: "ಐದು, ನಾಲ್ಕು..." ಎಣಿಕೆ ಕೇಳಿದ ಕೂಡಲೇ ಚೆಂಡು ಕೈಬಿಡುತ್ತದೆ, ಕಾರ್ನರ್ ಕೊಡುವ ಪ್ರಸಂಗವೇ ಬರುವುದಿಲ್ಲ.

## ಹಂತ 6: ಮಗು ಅತ್ತಾಗ ತೀರ್ಪು ಮುಟ್ಟಬೇಡಿ

ಇದು ನಾನೇ ಮಾಡಿದ ತಪ್ಪು. ಹನ್ನೊಂದರೊಳಗಿನವರ ಪಂದ್ಯ, 0-0, ಕೊನೆಗೆ ನಾಲ್ಕು ನಿಮಿಷ. ಪೆನಾಲ್ಟಿ. ಹೊಡೆಯಲು ಬಂದ ಹುಡುಗ ಜಾರಿದ, ಚೆಂಡು ಉರುಳಿಕೊಂಡು ನೇರ ಗೋಲಿ (ಗೋಲ್‌ಕೀಪರ್) ಕೈಗೆ ಹೋಯಿತು. ಹುಡುಗ ಅಲ್ಲೇ ಕೂತು ಬಿಕ್ಕಿಬಿಕ್ಕಿ ಅಳಲು ಶುರುಮಾಡಿದ. ನನ್ನ ಎದೆ ಕರಗಿತು. ಊದಿಬಿಟ್ಟೆ. "ಗೋಲಿ ಮುಂದೆ ಬಂದಿದ್ದ, ಮತ್ತೆ ಹೊಡಿ."

ಗೋಲಿ ಮುಂದೆ ಬಂದಿರಲಿಲ್ಲ. ಒಂದು ಕಾಲಿನ ಒಂದಿಷ್ಟಾದರೂ ಗೆರೆಯ ಮೇಲಿದ್ದರೆ ಸಾಕು, ಅವನು ಎರಡೂ ಕಾಲು ಗೆರೆ ಮೇಲೆ ಇಟ್ಟು ಕಲ್ಲಿನ ಹಾಗೆ ನಿಂತಿದ್ದ. ಸಣ್ಣ ಹುಡುಗ, ಕೈಗೆ ದೊಡ್ಡಣ್ಣನ ಗ್ಲೌಸ್ ಇರಬೇಕು, ಬೆರಳ ತುದಿಗಳು ಖಾಲಿಯಾಗಿ ಜೋತಾಡುತ್ತಿದ್ದವು. ಚೆಂಡು ವಾಪಸ್ ಇಡಲು ತಂದವನು ನನ್ನ ಹತ್ತಿರ ನಿಂತು ಮೆಲ್ಲಗೆ ಹೇಳಿದ, "ಸಾರ್, ನಾನು ಗೆರೆ ಮೇಲೇ ಇದ್ದೆ." ಜೋರು ಮಾಡಲಿಲ್ಲ, ಅಳಲೂ ಇಲ್ಲ. ಎರಡನೇ ಸಲ ಗೋಲಾಯಿತು. 1-0. ಸಂಜೆ ವರದಿಯಲ್ಲಿ ನಾನು ಮತ್ತೊಮ್ಮೆ ಅದೇ ಸುಳ್ಳು ಬರೆದೆ.

ಅಳುವ ಮಗು ಕಣ್ಣಿಗೆ ಬೀಳುತ್ತದೆ, ಅಳದ ಮಗು ಬೀಳುವುದಿಲ್ಲ. ಒಬ್ಬನಿಗೆ ಕೊಟ್ಟ ರಿಯಾಯಿತಿಯನ್ನು ಇನ್ನೊಬ್ಬನ ಜೇಬಿನಿಂದಲೇ ತೆಗೆದಿರುತ್ತೇವೆ. ಅಂದಿನಿಂದ ನಾನು ಪಾಲಿಸುವ ಕ್ರಮ ಹೀಗಿದೆ.

ಮೊದಲು ತೀರ್ಪು ಕೊಡಿ, ಆಟ ಮುಂದುವರಿಯಲಿ. ಮುಂದಿನ ಸಲ ಚೆಂಡು ಹೊರಗೆ ಹೋದಾಗ ಮಗುವಿನ ಹತ್ತಿರ ಹೋಗಿ. ಹೆಸರು ಕೇಳಿ, ನಂಬರ್ ಕರೆಯಬೇಡಿ. "ಜಾರಿಬಿಟ್ಯಾ? ಇಲ್ಲಿ ಮಣ್ಣು ಸಡಿಲ ಇದೆ ನೋಡು. ಇನ್ನೂ ಟೈಮಿದೆ." ಹತ್ತು ಸೆಕೆಂಡು. ಧಾರವಾಡದ ಕಡೆ "ತಮ್ಮಾ" ಅಂದರೆ ಸಾಕು, ಬೆಂಗಳೂರಲ್ಲಿ "ಮರಿ", "ಪುಟ್ಟ"ವನ್ನು ಒಂಬತ್ತರ ಮೇಲಿನವರು ಇಷ್ಟಪಡುವುದಿಲ್ಲ, ಹೆಸರೇ ಒಳ್ಳೆಯದು. ತಬ್ಬಿಕೊಳ್ಳುವುದು, ಕಣ್ಣೀರು ಒರೆಸುವುದು ಮಾಡಬೇಡಿ, ಕೋಚನ್ನು ಕರೆಯಿರಿ. ಬಟ್ಟೆ ಬದಲಿಸುವ ಕೋಣೆಗೆ ಕಾಲಿಡಬೇಡಿ, ಮಗುವಿನ ಜೊತೆ ಒಂಟಿಯಾಗಿ ಎಲ್ಲೂ ಇರಬೇಡಿ. ಇದರಲ್ಲಿ ವಿನಾಯಿತಿ ಇಲ್ಲ.

ಇದೇ ರೋಗದ ಇನ್ನೊಂದು ರೂಪ ಏಕಪಕ್ಷೀಯ ಪಂದ್ಯ. 7-0 ಆದಮೇಲೆ ಸೋಲುವ ತಂಡಕ್ಕೆ ಪುಕ್ಕಟೆ ಫ್ರೀಕಿಕ್, ಗೆಲ್ಲುವವರಿಗೆ ಇಲ್ಲದ ಆಫ್‌ಸೈಡ್. ಮಕ್ಕಳಿಗೆ ಇದು ತಕ್ಷಣ ಗೊತ್ತಾಗುತ್ತದೆ, ಸೋಲುವವರಿಗೇ ಮೊದಲು. ಅಂತರ ಇಷ್ಟಾದರೆ ಒಬ್ಬ ಆಟಗಾರನನ್ನು ಹೆಚ್ಚಿಗೆ ಕೊಡುವುದೆಂದು ಸಂಘಟಕರು ಮೊದಲೇ ನಿಯಮ ಮಾಡಿದ್ದರೆ ಸರಿ, ಇಲ್ಲದಿದ್ದರೆ 7-0 ಅನ್ನು 7-0 ಆಗಿಯೇ ಬಿಡಿ.

## ಹಂತ 7: ಕಾರ್ಡಿನ ಮೆಟ್ಟಿಲು

ಜೇಬಿಗೆ ಕೈ ಹಾಕುವ ಮುಂಚೆ ಮೂರು ಮೆಟ್ಟಿಲು ಇವೆ. ಓಡುತ್ತಾ ಪಕ್ಕದಲ್ಲಿ ಹೋಗಿ ಮೆಲ್ಲಗೆ ಒಂದು ಮಾತು: "ಕೈ ಎಳಿಬೇಡ, ನೋಡ್ತಾ ಇದ್ದೀನಿ." ಅದು ಹತ್ತದಿದ್ದರೆ ಆಟ ನಿಂತಾಗ ಕ್ಯಾಪ್ಟನ್ ಎದುರಿಗೆ, ಎಲ್ಲರಿಗೂ ಕಾಣುವಂತೆ. ಮೂರನೆಯದು ಕೋಚ್ ಮೂಲಕ: "ಸರ್, ಏಳನೇ ನಂಬರ್‌ಗೆ ಐದು ನಿಮಿಷ ನೀರು ಕುಡ್ಸಿ." ಹೊರಹೋದವರು ಮತ್ತೆ ಬರಬಹುದಾದ ಪಂದ್ಯಗಳಲ್ಲಿ ಇದರಷ್ಟು ಒಳ್ಳೆಯ ಔಷಧಿ ಇಲ್ಲ.

ಆದರೆ ಈ ಮೆಟ್ಟಿಲುಗಳು ಸಣ್ಣ ಎಚ್ಚರಗೇಡಿತನಕ್ಕೆ, ಕಿರಿಕಿರಿಗೆ ಮಾತ್ರ. ಬೇಫಿಕರ್ ಟ್ಯಾಕಲ್‌ಗೆ ಹಳದಿ, ಮಿತಿಮೀರಿದ ಬಲಕ್ಕೆ ಕೆಂಪು. ಅಲ್ಲಿ "ನೀರು ಕುಡ್ಸಿ" ಅನ್ನುವಂತಿಲ್ಲ. ಒದೆ ತಿಂದವನ ಅಮ್ಮನೂ ಅಲ್ಲೇ ನಿಂತಿದ್ದಾಳೆ.

ಸಂಘಟಕರು ತಾತ್ಕಾಲಿಕವಾಗಿ ಹೊರಗೆ ಕೂರಿಸುವ ಪದ್ಧತಿ ಇಟ್ಟಿದ್ದರೆ, ಅದರ ಅವಧಿ ಒಟ್ಟು ಆಟದ ಶೇ. 10ರಿಂದ 15. ಇಪ್ಪತ್ತು ನಿಮಿಷದ ಎರಡು ಹಾಫ್ ಆದರೆ 4ರಿಂದ 6 ನಿಮಿಷ. ಹಳದಿ ತೋರಿಸಿ, ಎರಡೂ ಕೈಯಿಂದ ಹೊರಗೆ ಕೂರುವ ಜಾಗ ತೋರಿಸಬೇಕು. ಗಡಿಯಾರ ಶುರುವಾಗುವುದು ಹುಡುಗ ಹೊರಗೆ ಹೋಗಿ ಆಟ ಮತ್ತೆ ಶುರುವಾದ ಮೇಲೆ. ನೆನಪಿಡಿ, ನಾನು ಎರಡು ಸಲ ಮರೆತಿದ್ದೇನೆ.

ಗೋಲಿನ ಸ್ಪಷ್ಟ ಅವಕಾಶ ತಪ್ಪಿಸಿದ ಫೌಲ್‌ನಲ್ಲಿ ಹೊಸಬರು ಬಹಳ ತೊಡರುತ್ತಾರೆ. ಪೆನಾಲ್ಟಿ ಏರಿಯಾದೊಳಗೆ ಚೆಂಡಿಗಾಗಿಯೇ ಪ್ರಯತ್ನಿಸಿ ತಪ್ಪಾಗಿದ್ದರೆ ಪೆನಾಲ್ಟಿ ಜೊತೆ ಹಳದಿ ಮಾತ್ರ. ಹಿಡಿದೆಳೆದಿದ್ದರೆ, ದೂಡಿದ್ದರೆ ಕೆಂಪು. ಏರಿಯಾ ಹೊರಗಾದರೆ ಕೆಂಪು. ಇಲ್ಲಿ ದಯೆಯ ಒಂದಿಷ್ಟನ್ನು ನಿಯಮವೇ ತನ್ನೊಳಗೆ ಸೇರಿಸಿಕೊಂಡಿದೆ, ನೀವು ಇನ್ನಷ್ಟು ಸುರಿಯಬೇಕಿಲ್ಲ.

ಮಗುವಿಗೆ ಕಾರ್ಡ್ ತೋರಿಸುವ ಬಗೆ: ಊದಿ, ಗುಂಪಿನಿಂದ ಎರಡು ಹೆಜ್ಜೆ ಆಚೆ ಕರೆಯಿರಿ. ಕಾರಣ ಒಂದೇ ವಾಕ್ಯ. ಬರೆದುಕೊಳ್ಳಿ. ಆಮೇಲೆ ಕಾರ್ಡ್, ಮುಖಕ್ಕೆ ಹಿಡಿಯದೆ, ಮೇಲಕ್ಕೆ. ಟಿವಿಯಲ್ಲಿ ನೋಡಿದಂತೆ ಝಾಡಿಸಬೇಡಿ. ಕೆಂಪು ಕಾರ್ಡಾದರೆ ಮಗು ಒಂಟಿಯಾಗಿ ಗೇಟಿನ ಕಡೆ ನಡೆದುಹೋಗದಂತೆ ನೋಡಿಕೊಳ್ಳಿ. ತಂಡದ ದೊಡ್ಡವರೊಬ್ಬರು ಜೊತೆಗೆ ಹೊರಟ ಮೇಲೆಯೇ ಆಟ ಶುರುಮಾಡಿ.

ಬೈಗುಳದ ವಿಷಯ. "ಥೂ" ಅಂದು ತನ್ನನ್ನೇ ಬೈದುಕೊಂಡ ಹುಡುಗನಿಗೆ ಕಣ್ಣಲ್ಲೇ ಎಚ್ಚರಿಕೆ ಸಾಕು. ಎದುರಿನವನ ಜಾತಿ, ಮೈಬಣ್ಣ, ಊರು, ಮುಖದ ಆಕಾರ ಹಿಡಿದು ಆಡಿಕೊಂಡರೆ, ಈಶಾನ್ಯದಿಂದ ಬಂದ ಕುಟುಂಬಗಳ ಮಕ್ಕಳನ್ನು ನಮ್ಮ ಊರಲ್ಲಿ ಕೂಗುವ ಆ ಪದ ಬಂದರೆ, ಅದು ಕೆಂಪು. "ಮನೇಲಿ ಕೇಳಿ ಕಲಿತಿದೆ ಸರ್, ಅರ್ಥ ಗೊತ್ತಿಲ್ಲ" ಅಂತಾರೆ. ಅರ್ಥ ತಿಳಿಸುವ ಕೆಲಸ ಕೋಚಿನದ್ದು, ಪಂದ್ಯ ಮುಗಿದ ಮೇಲೆ ಮಾಡಲಿ.

## ಹಂತ 8: ಗಾಯ, ಬಿಸಿಲು, ಸಿಡಿಲು

ಮಗು ಬಿದ್ದು ಏಳದಿದ್ದರೆ ಅಡ್ವಾಂಟೇಜ್ ಮರೆತುಬಿಡಿ, ನಿಲ್ಲಿಸಿ. ತಲೆಗೆ ಪೆಟ್ಟಾಗಿ ಮಂಕಾಗಿದ್ದರೆ, ವಾಂತಿ ಬಂದಂತಾದರೆ, ಸ್ಕೋರ್ ಎಷ್ಟೆಂದು ಹೇಳಲಾಗದಿದ್ದರೆ ಆ ದಿನ ಆಟವಿಲ್ಲ. "ನಾನು ಆಡ್ತೀನಿ ಸಾರ್" ಎಂದು ಮಗು ಎಷ್ಟೇ ಗೋಗರೆದರೂ, ಅಪ್ಪ ಡಾಕ್ಟರೇ ಆಗಿದ್ದರೂ ಇಲ್ಲ. ಮಣ್ಣಿಗೆ ಮೊಣಕಾಲು ತರಚಿ ರಕ್ತ ಬಂದರೆ ಹೊರಗೆ ಹೋಗಿ ತೊಳೆದು, ರಕ್ತ ನಿಂತಿದ್ದನ್ನು ನೀವು ನೋಡಿದ ಮೇಲೆ ಒಳಗೆ.

ಏಪ್ರಿಲ್, ಮೇ ತಿಂಗಳಲ್ಲಿ ಪ್ರತಿ ಹಾಫ್‌ನ ಮಧ್ಯೆ ನೀರಿಗೆ ನಿಲ್ಲಿಸಿ. ನೀರಿನ ವಿರಾಮ ಒಂದು ನಿಮಿಷ ಮೀರಬಾರದು. ಬಿಸಿಲು ಜೋರಿದ್ದರೆ ಮೈ ತಣಿಸಿಕೊಳ್ಳುವ ವಿರಾಮ ಒಂದೂವರೆಯಿಂದ ಮೂರು ನಿಮಿಷ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ಹನ್ನೊಂದರ ಮೇಲೆ ಮಕ್ಕಳ ಪಂದ್ಯ ಇಟ್ಟವರಿಗೆ ಮೊದಲೇ ಬೇಡ ಅನ್ನಿ.

ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡ್ ಇಲ್ಲದಿದ್ದರೆ ಎಲ್ಲರೂ ಒಳಗೆ, ಮರದ ಕೆಳಗಲ್ಲ. ಕೊನೆಯ ಗುಡುಗಿನಿಂದ 30 ನಿಮಿಷ ಕಾಯಿರಿ.

## ಹಂತ 9: ಗೆರೆಯಾಚೆ

ಕೋಚ್‌ಗೆ ರೆಫ್ರಿ ಕಾರ್ಡ್ ತೋರಿಸಬಹುದು, 2019ರಿಂದ ನಿಯಮ ಇದೆ. ಬೆಂಚಿನಿಂದ ಯಾರು ಬೈದರೆಂದು ಗೊತ್ತಾಗದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಕಾರ್ಡ್. ಮೊದಲ ಸಲ ಹತ್ತಿರ ಹೋಗಿ ಮೆತ್ತಗೆ, ಎರಡನೇ ಸಲ ಹಳದಿ. ಮಕ್ಕಳಿಗೆ ಮೂರು ಮೆಟ್ಟಿಲು, ದೊಡ್ಡವರಿಗೆ ಒಂದೇ.

ಅಪ್ಪ ಅಮ್ಮಂದಿರಿಗೆ ಕಾರ್ಡಿಲ್ಲ, ಅವರ ಜೊತೆ ವಾದಕ್ಕೂ ಇಳಿಯಬೇಡಿ. ಆಟ ನಿಲ್ಲಿಸಿ, ಚೆಂಡು ಕೈಯಲ್ಲಿ ಹಿಡಿದು, ಸಂಘಟಕರನ್ನು ಕರೆಯಿರಿ: "ಆ ಕಡೆ ನೀಲಿ ಶರ್ಟ್ ಹಾಕಿರೋರು ಹೊರಗೆ ಹೋದ್ಮೇಲೆ ಶುರು ಮಾಡ್ತೀನಿ." ಹೋಗದಿದ್ದರೆ ಎರಡೂ ತಂಡಗಳನ್ನು ಬೆಂಚಿಗೆ ಕಳಿಸಿ. ಆಗಲೂ ಹೋಗದಿದ್ದರೆ ಪಂದ್ಯ ರದ್ದು. ನಿಮಗೇ ಇನ್ನೂ ಹದಿನೇಳು ಹದಿನೆಂಟು ವರ್ಷವಾಗಿದ್ದರೆ ಎರಡನೇ ಮೆಟ್ಟಿಲಿಗೆ ಕಾಯದೆ ಸಂಘಟಕರನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ.

ಹೊಗೆ ಮೊದಲೇ ಕಾಣುತ್ತದೆ. ಚೆಂಡು ಆಚೆ ಹೋದ ಮೇಲೂ ಅದೇ ಇಬ್ಬರು ಒಬ್ಬರ ಪಕ್ಕ ಒಬ್ಬರು ಓಡುತ್ತಿದ್ದರೆ, ಕ್ಯಾಪ್ಟನ್ ನಿಮ್ಮ ಹತ್ತಿರ ಬರುವುದನ್ನು ಬಿಟ್ಟುಬಿಟ್ಟರೆ, ಇಷ್ಟು ಹೊತ್ತು ಕೂಗುತ್ತಿದ್ದ ಕೋಚ್ ದಿಢೀರ್ ಸುಮ್ಮನಾದರೆ, ಇಬ್ಬರು ಮೂವರು ಅಪ್ಪಂದಿರು ಹಗ್ಗ ದಾಟಿ ಗೋಲಿನ ಹಿಂದೆ ಸೇರುತ್ತಿದ್ದರೆ, ಮುಂದಿನ ಐದು ನಿಮಿಷ ಸಣ್ಣ ಫೌಲನ್ನೂ ಬಿಡಬೇಡಿ.

ವಯಸ್ಸಿನ ತಕರಾರು ಬಂದೇ ಬರುತ್ತದೆ: "ಸರ್, ಅವ್ನಿಗೆ ಮೀಸೆ ಬಂದಿದೆ!" ಆ ಹುಡುಗನನ್ನು ಕರೆದು ವಿಚಾರಿಸುವ ಅಧಿಕಾರ ನಿಮಗಿಲ್ಲ, ಎಲ್ಲರ ಮುಂದೆ ದಾಖಲೆ ಕೇಳುವುದು ಅವಮಾನ. ದೂರನ್ನು ಕೋಚ್ ಬರೆದು ಸಂಘಟಕರಿಗೆ ಕೊಡಲಿ, ನೀವು ಆಟ ಆಡಿಸಿ.

## ಹಂತ 10: ವರದಿ, ಅದೇ ದಿನ

ಮನೆಗೆ ಹೋಗಿ ಸ್ನಾನ ಮಾಡಿ, ಊಟಕ್ಕೆ ಮುಂಚೆ ಬರೆಯಿರಿ. ನಿಮಿಷ, ನಂಬರ್, ಕಂಡದ್ದು, ಕೇಳಿದ್ದು. "ಹುಡುಗ ಬಹಳ ಒರಟು ಸ್ವಭಾವದವನು" ಎಂದಲ್ಲ, "31ನೇ ನಿಮಿಷ, ನಂ. 4, ಚೆಂಡು ಹೊರಹೋದ ಬಳಿಕ ನಂ. 9ರ ಬೆನ್ನಿಗೆ ಎರಡೂ ಕೈಯಿಂದ ದೂಡಿದ" ಎಂದು. ಬೈಗುಳವನ್ನು ಆಡಿದಂತೆಯೇ ಬರೆಯಿರಿ, ಚುಕ್ಕಿ ಇಡಬೇಡಿ. ನಿಮ್ಮದೇ ತಪ್ಪಾಗಿದ್ದರೆ ಅದನ್ನೂ ಬರೆಯಿರಿ. ಬರೆಯದೆ ಬಿಟ್ಟದ್ದು ಏನಾಗುತ್ತದೆ ಎಂಬುದು ನನಗೆ ಗೊತ್ತು. ಆ ಜೋತಾಡುವ ಗ್ಲೌಸು ಇನ್ನೂ ಕಣ್ಣಮುಂದೆ ಬರುತ್ತದೆ.

ಹುಡುಗನ ವಿಷಯದಲ್ಲಿ ಮರುಕ ಹುಟ್ಟಿಸುವ ಸಂಗತಿ ಇದ್ದರೆ, ಉದಾಹರಣೆಗೆ ಕೆಂಪು ಕಾರ್ಡ್ ಆದ ಮೇಲೆ ಅವನಾಗಿಯೇ ಹೋಗಿ ಕ್ಷಮೆ ಕೇಳಿದ್ದರೆ, ಅದನ್ನೂ ಸೇರಿಸಿ. ಶಿಕ್ಷೆ ಎಷ್ಟು ಪಂದ್ಯ ಎಂದು ತೀರ್ಮಾನಿಸುವವರಿಗೆ ಅದು ಬೇಕಾಗುತ್ತದೆ.

ಕಳಿಸಿದ ಮೇಲೆ ಚೀಲ ಬಿಚ್ಚಿ. ಕೊಟ್ಟ ಶಿನ್‌ಗಾರ್ಡ್ ವಾಪಸ್ ಬಂದಿದೆಯಾ ನೋಡಿ, ಸೋಪಿನಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬೆವರು ನಾತ ಹೊಡೆದರೆ ಮುಂದಿನ ಭಾನುವಾರ ಯಾವ ಹುಡುಗನೂ ಅದನ್ನು ಹಾಕಿಕೊಳ್ಳುವುದಿಲ್ಲ.